ಶನಿವಾರದ ಸಿನಿಮಾ ಪ್ರದರ್ಶನ: ದಯವಿಟ್ಟು ಆರಂಭಕ್ಕೇ ಬನ್ನಿ

ಆತ್ಮೀಯರೇ,

ಈ ಶನಿವಾರ ಸಂಜೆ 5.30ಕ್ಕೆ ಮಣಿಪಾಲದ ಮಾಮೂಲಿ ಜಾಗದಲ್ಲಿ ಸೇರೋಣ. ಕಳೆದ ಬಾರಿ ಉಡುಪಿಯಿಂದ ಬಂದ ನಾಲ್ವರು, “ಹೆಸರು ತಾನೇ ಬರುತ್ತಿರುವುದು” ಎಂದು ಹೊರಗೆ ಗೋಳಿಬಜೆ ಮುಗಿಸಿಯೇ ಒಳಗೆ ಬಂದಿರಿ. ಗೋಳಿಬಜೆಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಈ ಸಲ ಚರ್ಚೆಯೇ ಚಿತ್ರಗಳ ಆರಂಭದ ಕುರಿತು.

ಸೆನ್ಸಾರ್ ಪ್ರಮಾಣಪತ್ರ, ತಂಬಾಕಿನ ಎಚ್ಚರಿಕೆ, ಕೃತಜ್ಞತೆಯ ಉದ್ದನೆಯ ಪಟ್ಟಿ ತಪ್ಪಿದರೆ ನಷ್ಟವಿಲ್ಲ. ಶೀರ್ಷಿಕೆಯ ಭಾಗ ಹಾಗಲ್ಲ. 1950ರ ದಶಕದಲ್ಲಿ ಅಮೆರಿಕದ ವಿನ್ಯಾಸಕಾರ ಸಾಲ್ ಬಾಸ್ ಬರಿಯ ಗೆರೆ, ಆಕಾರಗಳಿಂದಲೇ ಹೆಸರುಗಳ ಪಟ್ಟಿಯನ್ನು ಕಥೆಯ ಮುನ್ಸೂಚನೆಯಾಗಿಸಿದರು. ನಮ್ಮಲ್ಲಿ ನಿರ್ದೇಶಕರ ಹೆಸರು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅದು ಯಾವ ದೃಶ್ಯದ ಮೇಲೆ ಬಂದು ನಿಲ್ಲುತ್ತದೆ ಎಂಬುದನ್ನು ಗಮನಿಸಿ.

ನಾಯಕನ ಪ್ರವೇಶವನ್ನಂತೂ ನಮ್ಮೂರಿನವರಿಗೆ ವಿವರಿಸಬೇಕಿಲ್ಲ. ಮೊದಲು ಚಪ್ಪಲಿ, ಆಮೇಲೆ ಬೆನ್ನು, ಧೂಳೆಲ್ಲ ಎದ್ದ ಮೇಲೆ ಮುಖ. ಯಕ್ಷಗಾನದಲ್ಲಿ ಬಣ್ಣದ ವೇಷ (ರಾಕ್ಷಸ ಪಾತ್ರ) ಬರುವುದೂ ಹೀಗೆಯೇ ಅಲ್ಲವೇ? ಇಬ್ಬರು ತೆರೆ ಹಿಡಿದಿರುತ್ತಾರೆ, ಚೆಂಡೆ ಏರುತ್ತದೆ, ವೇಷ ಮಾತ್ರ ಪೂರ್ತಿ ಕಾಣಿಸುವುದಿಲ್ಲ. ಆ ಕಾಯಿಸುವಿಕೆಯಲ್ಲೇ ಅರ್ಧ ಆಟ! ಸಿನಿಮಾದವರು ಚೆಂಡೆಯ ಬದಲು ನಿಧಾನಗತಿ ಇಟ್ಟುಕೊಂಡಿದ್ದಾರೆ, ಕೆಲವೊಮ್ಮೆ ಅತಿಯಾಗಿ.

ಅಲಾರಂ ಬಡಿದು ನಾಯಕ ಎದ್ದು ಹಲ್ಲುಜ್ಜುವ ಆರಂಭಗಳನ್ನು ಯಾರೂ ತರಬೇಡಿ, ಸಾಕಾಗಿದೆ. ಪ್ರತಿಯೊಬ್ಬರೂ ಮೆಚ್ಚಿದ ಒಂದು ಆರಂಭವನ್ನು, ಮೂರು ನಿಮಿಷ ಮೀರದಂತೆ, ಪೆನ್‌ಡ್ರೈವ್‌ನಲ್ಲಿ ತನ್ನಿ. ಬಾಗಿಲು 5.35ಕ್ಕೆ ಮುಚ್ಚುತ್ತದೆ. ಗೋಳಿಬಜೆ ವಿರಾಮದಲ್ಲಿ ಒಳಗೇ ಸಿಗುತ್ತದೆ.