ಚೆಂಡಿನಿಂದ ಸೇಡು ತೀರಿಸುವ ಪದ್ಧತಿ

ಮಾನ್ಯ ಸಂಪಾದಕರೇ,

ಎದುರಾಳಿಗಳನ್ನು ಕೆಣಕಿದ ಬ್ಯಾಟರ್‌ನ ಮೈಗೆ ಚೆಂಡೆಸೆದು ಲೆಕ್ಕ ಚುಕ್ತಾ ಮಾಡುವ ಅಲಿಖಿತ ಪದ್ಧತಿಯನ್ನು ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಕ್ರೀಡಾಮನೋಭಾವದ ಹೆಸರಿನಲ್ಲಿ ಸಮರ್ಥಿಸುವವರು ಇಂದಿಗೂ ಇದ್ದಾರೆ. ಇದು ನನಗೆ ಒಪ್ಪಿಗೆಯಿಲ್ಲ.

2015ರ ಅಕ್ಟೋಬರ್‌ನಲ್ಲಿ ಟೆಕ್ಸಸ್ ರೇಂಜರ್ಸ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಟೊರೊಂಟೊ ತಂಡದ ಹೋಸೆ ಬಟಿಸ್ಟಾ ಮೂರು ರನ್‌ಗಳ ಹೋಮ್ ರನ್ (ಚೆಂಡನ್ನು ಮೈದಾನದಾಚೆಗೆ ಅಟ್ಟುವ ಹೊಡೆತ) ಬಾರಿಸಿ, ಕ್ಷಣಕಾಲ ನಿಂತು ನೋಡಿ, ಬ್ಯಾಟನ್ನು ಗಾಳಿಗೆ ತೂರಿದರು. ಅಷ್ಟೇ ಅವರ ಅಪರಾಧ. ಏಳು ತಿಂಗಳ ಬಳಿಕ, 2016ರ ಮೇ 15ರಂದು, ರೇಂಜರ್ಸ್‌ನ ಮ್ಯಾಟ್ ಬುಷ್ ಎಸೆದ ಚೆಂಡು ಅವರ ಮೈಗೆ ಬಡಿಯಿತು. ಬಹುತೇಕರು ಅದನ್ನು ಸೇಡೆಂದೇ ಕಂಡರು. ಸಿಟ್ಟಿಗೆದ್ದ ಬಟಿಸ್ಟಾ ಎರಡನೇ ಬೇಸ್‌ಗೆ ಒರಟಾಗಿ ಜಾರಿ ನುಗ್ಗಿದಾಗ ರೇಂಜರ್ಸ್‌ನ ಆಟಗಾರ ಒಡೋರ್, ಬಟಿಸ್ಟಾರ ದವಡೆಗೇ ಗುದ್ದಿದರು. ಒಡೋರ್‌ಗೆ ವಿಧಿಸಿದ ಎಂಟು ಪಂದ್ಯಗಳ ನಿಷೇಧ ಮೇಲ್ಮನವಿಯಲ್ಲಿ ಏಳಕ್ಕೆ ಇಳಿಯಿತು. ಋತುವೊಂದಕ್ಕೆ 162 ಪಂದ್ಯಗಳಿರುವ ಆಟದಲ್ಲಿ ಇದೆಂಥ ಶಿಕ್ಷೆ?

ತಲೆಗೆ ಚೆಂಡು ಬಿದ್ದರೆ ಏನಾಗುತ್ತದೆಂಬುದು ಈ ಆಟಕ್ಕೆ ಗೊತ್ತಿಲ್ಲದ್ದೇನಲ್ಲ. 1920ರಲ್ಲಿ ಕ್ಲೀವ್‌ಲ್ಯಾಂಡ್‌ನ ರೇ ಚಾಪ್‌ಮನ್, ಕಾರ್ಲ್ ಮೇಸ್ ಎಸೆತ ತಲೆಗೆ ತಗುಲಿ ಮರುದಿನವೇ ಅಸುನೀಗಿದರು. ಅದು ಸೇಡಿನ ಎಸೆತವಾಗಿರಲಿಲ್ಲವೆಂದೇ ಇಟ್ಟುಕೊಂಡರೂ, ಗಂಟೆಗೆ 150 ಕಿ.ಮೀ. ವೇಗದ ಎಸೆತಗಳು ಸಾಮಾನ್ಯವಾಗಿರುವ ಈ ಕಾಲದಲ್ಲಿ ಬೇಕೆಂದೇ ಮೈಗೆ ಗುರಿಯಿಡುವುದನ್ನು ಶಿಸ್ತು ಎನ್ನಲಾಗದು.

ಆರಂಭಿಕ ಪಿಚರ್ (ಪಂದ್ಯದ ಆರಂಭದಿಂದ ಚೆಂಡೆಸೆಯುವ ಆಟಗಾರ) ಸಾಮಾನ್ಯವಾಗಿ ಐದು ದಿನಕ್ಕೊಮ್ಮೆ ಕಣಕ್ಕಿಳಿಯುವುದರಿಂದ ಹೀಗೆ ಮೈಗೆ ಚೆಂಡೆಸೆದದ್ದಕ್ಕೆ ಐದು ಪಂದ್ಯಗಳ ನಿಷೇಧವೆಂದರೆ ಅವನಿಗೆ ಒಂದು ಸರದಿ ತಪ್ಪಿದಂತೆ ಮಾತ್ರ. ಆದ್ದರಿಂದ ನಿಷೇಧವನ್ನು ಪಂದ್ಯಗಳ ಬದಲು ಅವನ ಸರದಿಗಳ ಲೆಕ್ಕದಲ್ಲಿ ವಿಧಿಸಬೇಕು.

ಇತಿ,
ಓರ್ವ ಕ್ರೀಡಾಸಕ್ತ ಓದುಗ