ಈ ವಾರದ ಪಾಲು ಯಾವುದು?

ಮಾನ್ಯ ಸಂಪಾದಕರೇ,

ಧರ್ಮಗ್ರಂಥ ಓದುವುದು ಹೇಗೆ ಅಂತ ಕಳೆದ ಭಾನುವಾರ ನಿಮ್ಮಲ್ಲಿ ಒಂದು ಲೇಖನ ಬಂದಿತ್ತು. ಮನಸ್ಸಿಗೆ ಹಿಡಿಸಿದ ಭಾಗ ಮಾತ್ರ ಓದಿ, ಉಳಿದದ್ದು ಬಿಡಿ, ಈಗಿನ ಗಡಿಬಿಡಿಗೆ ಅಷ್ಟೇ ಸಾಕು ಅಂತ ಅದರಲ್ಲಿದೆ. ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಥಾಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಯಹೂದಿ ಮೌಶಿಯಿಂದ (ಮರಾಠಿಯಲ್ಲಿ ಮೌಶಿ ಅಂದರೆ ಚಿಕ್ಕಮ್ಮ) ಹಿಡಿಸಿಕೊಂಡ ಒಂದು ಅಭ್ಯಾಸದ ಬಗ್ಗೆ ಬರೆಯಬೇಕು.

ಅವರು ಬೆನೆ ಇಸ್ರೇಲಿಗಳು. ಅಂದರೆ ಕೊಂಕಣದ ಹಳೆಯ ಯಹೂದಿಗಳು, ಮನೆಮಾತು ಮರಾಠಿ. ಹಿಂದೆ ಗಾಣ ಹಾಕಿ ಎಣ್ಣೆ ತೆಗೆಯುತ್ತಿದ್ದರು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೇ ಊರವರು 'ಶನಿವಾರ ತೇಲಿ' ಅಂತ ಕರೆದರು. ಆ ಶನಿವಾರದ ಬೆಳಿಗ್ಗೆ ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ತೋರಾ ಓದುತ್ತಾರೆ. ತೋರಾ ಅಂದರೆ ಬೈಬಲ್‌ನ ಆರಂಭದಲ್ಲಿರುವ ಮೋಶೆಯ ಐದು ಗ್ರಂಥಗಳು. ಅವನ್ನು 54 ಪಾಲು ಮಾಡಿದ್ದಾರೆ, ಒಂದೊಂದಕ್ಕೆ ಪರಾಶಾ ಅಂತ ಹೆಸರು. ವಾರಕ್ಕೊಂದು, ವಾರ ಸಾಲದಿದ್ದರೆ ಎರಡು ಸೇರಿಸಿ, ವರ್ಷಕ್ಕೆ ಪೂರ್ತಿ. ಸಿಮ್ಹಾತ್ ತೋರಾ ಹಬ್ಬದ ದಿನ ಕೊನೆಯ ಪಾಲು ಮುಗಿಸಿ ಅಲ್ಲೇ ಮೊದಲ ಗ್ರಂಥವಾದ ಆದಿಕಾಂಡದ ಮೊದಲ ಸಾಲು ಶುರು ಮಾಡುತ್ತಾರೆ, ಒಂದು ದಿನವೂ ಬಿಡುವಿಲ್ಲ. ಚರ್ಮದ ಸುರುಳಿಯ ಮೇಲೆ ಕೈಯಿಂದ ಬರೆದದ್ದು ಅದು. ಸ್ವರದ ಗುರುತಿಲ್ಲ, ಪೂರ್ಣವಿರಾಮವಿಲ್ಲ, ಆದ್ದರಿಂದ ಓದುವವನು ಮೊದಲೇ ಕೂತು ಅಭ್ಯಾಸ ಮಾಡಿಕೊಂಡೇ ಬರಬೇಕು. ಅಕ್ಷರಕ್ಕೆ ಬೆರಳು ತಾಗಿಸುವ ಹಾಗಿಲ್ಲ. ತುದಿಯಲ್ಲಿ ಪುಟ್ಟ ಕೈ ಇರುವ ಒಂದು ಕಡ್ಡಿ ಇರುತ್ತದೆ, ಹೆಚ್ಚಾಗಿ ಬೆಳ್ಳಿಯದು. ಅದನ್ನು ಸಾಲಿನ ಮೇಲೆ ಸರಿಸುತ್ತಾ ಓದುತ್ತಾರೆ.

ಮೌಶಿ ಮನೆಯಲ್ಲೂ ಅದೇ ಪಾಲನ್ನು ವಾರವಿಡೀ ಓದುತ್ತಾರೆ. ಅವರನ್ನು ನೋಡಿ ನಾನೂ ಕನ್ನಡ ಬೈಬಲ್ ತಂದು ಅವರ ಪಂಚಾಂಗದ ಪ್ರಕಾರ ಓದಲು ಶುರು ಮಾಡಿದೆ. ನಾನು ಶನಿವಾರ ಹನುಮಂತನ ಗುಡಿಗೆ ಹೋಗುವವನೇ, ಈಗಲೂ ಹೋಗುತ್ತೇನೆ. ಓದಬಹುದಾ ಅಂತ ಕೇಳಿದಾಗ ಮೌಶಿ ಹೇಳಿದ್ದು ಇಷ್ಟೇ: ಓದು, ಆದರೆ ನಡುವೆ ಏನನ್ನೂ ಹಾರಿಸಬೇಡ.

ಈ ಮಾತೇ ದೊಡ್ಡದು. ಯಾಕಂದರೆ ಹಾರಿಸಬೇಕು ಅನಿಸುವ ಭಾಗ ಅದರಲ್ಲಿ ತುಂಬಾ ಇದೆ. ಐದರಲ್ಲಿ ನಾಲ್ಕನೆಯ ಗ್ರಂಥವಾದ ಅರಣ್ಯಕಾಂಡದ ಕೊನೆಯ ಪಾಲು ಮಸ್ಸೆ. ಪ್ರತಿ ವರ್ಷ ಮಳೆಗಾಲದಲ್ಲಿ ಬರುತ್ತದೆ, ಇಲ್ಲಿ ಹೊರಗೆ ಕಾಲಿಡಲಾಗದ ಮಳೆ ಇರುವಾಗ. ಈಜಿಪ್ಟಿನಿಂದ ಹೊರಟ ಜನ 40 ವರ್ಷದಲ್ಲಿ ಎಲ್ಲೆಲ್ಲಿ ಡೇರೆ ಹಾಕಿದರು ಅನ್ನುವ ಪಟ್ಟಿ ಅದರ ಆರಂಭದಲ್ಲಿದೆ. ಅಲ್ಲಿಂದ ಹೊರಟು ಇಲ್ಲಿ ಇಳಿದರು, ಇಲ್ಲಿಂದ ಹೊರಟು ಮತ್ತೊಂದು ಕಡೆ ಇಳಿದರು, ಹೀಗೇ 42 ಜಾಗ. ಏಲೀಮಿನಲ್ಲಿ 12 ಒರತೆ, 70 ಖರ್ಜೂರದ ಮರ ಇದ್ದವು. ರೆಫೀದೀಮಿನಲ್ಲಿ ಕುಡಿಯಲು ನೀರಿರಲಿಲ್ಲ. ಹೋರ್ ಬೆಟ್ಟದಲ್ಲಿ ಮೋಶೆಯ ಅಣ್ಣ ಆರೋನ ತೀರಿಹೋದ. ಉಳಿದ ಹೆಚ್ಚಿನ ಊರಿಗೆ ಬರೀ ಹೆಸರು, ಅಲ್ಲಿ ಏನಾಯಿತು ಅಂತ ಒಂದು ಮಾತೂ ಇಲ್ಲ.

ಇಷ್ಟ ಬಂದದ್ದನ್ನು ಆರಿಸಿ ಓದುವವರು ಈ ಪುಟದಲ್ಲಿ ನಿಲ್ಲುತ್ತಾರಾ? ನಾನಂತೂ ನಿಲ್ಲುತ್ತಿರಲಿಲ್ಲ. ಆದರೆ ಆ ವಾರ ಅದೇ ಪಾಲು, ಬೇರೆ ದಾರಿಯಿಲ್ಲ. ಓದುತ್ತಾ ಓದುತ್ತಾ ನನ್ನದೇ ಪಟ್ಟಿ ನೆನಪಾಯಿತು. ಕುಂದಾಪುರದ ಕಡೆಯಿಂದ ಹೊರಟು ಮುಂಬೈಯ ಮಾಟುಂಗದ ಹೋಟೆಲಿನಲ್ಲಿ ಇಳಿದೆ, ಟೇಬಲ್ ಒರೆಸಿ, ರಾತ್ರಿ ಶಾಲೆಗೆ ಹೋಗಿ, ಬಂದು ಅದೇ ಟೇಬಲ್ ಜೋಡಿಸಿ ಮಲಗುತ್ತಿದ್ದೆ. ಅಲ್ಲಿಂದ ಹೊರಟು ಸಾಯನ್‌ನ ಖೋಲಿ, ಅಂದರೆ ಕೋಣೆ. ಅಲ್ಲಿಂದ ಹೊರಟು ಕಳವಾ ಅನ್ನುವ ಕಡೆಯ ಚಾಳ್, ನಲ್ಲಿ ನೀರು ಬರುತ್ತಿದ್ದದ್ದು ಬೆಳಗಿನ ಜಾವ ಮಾತ್ರ. ಅಮ್ಮ ತೀರಿಕೊಂಡ ಸುದ್ದಿ ಬಂದದ್ದು ಅಲ್ಲೇ. ಇವೆಲ್ಲ ಕಳೆದುಹೋದ ವರ್ಷಗಳು, ಲೆಕ್ಕಕ್ಕಿಲ್ಲ ಅಂತಲೇ ಇದ್ದೆ. ಇಲ್ಲಿ ನೋಡಿದರೆ ಸುಮ್ನೆ ರಾತ್ರಿ ಕಳೆದ ಜಾಗವನ್ನೂ ದೇವರು ಬರೆಸಿಟ್ಟಿದ್ದಾನೆ.

ಡೇರೆಗಳ ಈ ಪಟ್ಟಿ ಯಾಕೆ ಅಂತ ಯಹೂದಿ ಹಿರಿಯರೂ ಕೇಳಿಕೊಂಡಿದ್ದಾರೆ. 11ನೇ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ ಹಳೆಯ ಕಥೆಯೊಂದನ್ನು ಕೊಡುತ್ತಾನೆ. ಕಾಯಿಲೆಯ ಮಗನನ್ನು ರಾಜ ದೂರದೂರಿಗೆ ಕರೆದೊಯ್ದು ವಾಸಿ ಮಾಡಿಸಿದ. ವಾಪಸು ಬರುವಾಗ ದಾರಿಯುದ್ದಕ್ಕೂ ಹೇಳುತ್ತಾ ಬಂದ: ಇಲ್ಲಿ ಮಲಗಿದ್ದೆವು, ಇಲ್ಲಿ ನಮಗೆ ಚಳಿಯಾಯಿತು, ಇಲ್ಲಿ ನಿನಗೆ ತಲೆನೋವು ಬಂತು. ಮೌಶಿ ಇದನ್ನು ಮರಾಠಿಯಲ್ಲಿ ಹೇಳಿದಾಗ ನನ್ನ ಕಣ್ಣು ತುಂಬಿ ಬಂತು.

ಇನ್ನೊಂದು, 2020ರ ಏಪ್ರಿಲ್‌ನದು. ಲಾಕ್‌ಡೌನ್, ಸಿನಗಾಗ್‌ಗೂ ಬೀಗ, ಗುಡಿಗೂ ಬೀಗ. ಏಪ್ರಿಲ್ 25ರ ಶನಿವಾರದ ಪಾಲು ಮೂರನೆಯ ಗ್ರಂಥವಾದ ಯಾಜಕಕಾಂಡದ ತಜ್ರಿಯಾ ಮತ್ತು ಮೆಟ್ಸೋರಾ. ಚರ್ಮದ ಮೇಲಿನ ಮಚ್ಚೆ, ಏಳು ದಿನ ಪ್ರತ್ಯೇಕ ಇಡುವುದು, ಮತ್ತೆ ಪರೀಕ್ಷೆ, ರೋಗಿ ಪಾಳೆಯದ ಹೊರಗೆ ಒಬ್ಬನೇ ಇರಬೇಕು, ಹೆಚ್ಚಾಗಿ ಇದೇ. ಆದರೆ ನಡುವೆ ಒಂದು ಮಾತಿದೆ: ಅವನನ್ನು ನೋಡಲು ಯಾಜಕನೇ, ಅಂದರೆ ಪುರೋಹಿತನೇ, ಪಾಳೆಯದ ಹೊರಗೆ ಹೋಗಬೇಕು. ನಮ್ಮ ಬಿಲ್ಡಿಂಗಿನ ಒಂದು ಮನೆಯ ಬಾಗಿಲಿಗೆ ಆಗ ಕೊರೊನಾ ಅಂತ ಅಡ್ಡಪಟ್ಟಿ ಕಟ್ಟಿದ್ದರು, ಎಲ್ಲರೂ ಆ ಮೆಟ್ಟಿಲು ಬಿಟ್ಟು ಓಡಾಡುತ್ತಿದ್ದೆವು. ಆ ಸಾಲು ಓದಿದ ಮೇಲೆ ಅವರಿಗೆ ಫೋನ್ ಮಾಡಿದೆ. ಗಂಜಿಗೆ ಉಪ್ಪಿನಕಾಯಿ ಇಲ್ಲ ಅಂದರು. ಬಾಗಿಲ ಹೊರಗೆ ಬಾಟಲಿ ಇಟ್ಟು ಬಂದೆ.

ಓದಿದ್ದಕ್ಕೆಲ್ಲ ನಮ್ಮ ಕಥೆ ಅಂಟಿಸಿಕೊಳ್ಳುವುದು ಸರಿಯಾ ಅಂತ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯಹೂದಿಗಳಲ್ಲಿ ಅದಕ್ಕೆ ಹಳೆಯ ಕಟ್ಟುಪಾಡು ಇದೆ: ವಾರದ ಪಾಲನ್ನು ಮೂಲದಲ್ಲಿ ಎರಡು ಸಲ, ಅನುವಾದದಲ್ಲಿ ಒಂದು ಸಲ ಓದಬೇಕು. ಮೊದಲು ಗ್ರಂಥ ಏನು ಹೇಳುತ್ತದೆ ಅನ್ನುವುದು ತಲೆಗೆ ಇಳಿಯಲಿ, ನಮ್ಮ ಅರ್ಥ ಆಮೇಲೆ. ನಾನು ಅದನ್ನು ಗಟ್ಟಿಯಾಗಿ ನಂಬುತ್ತೇನೆ.

ನಮ್ಮಲ್ಲೂ ಇದು ಆಗಬೇಕು ಅಂತ ನನ್ನ ಆಸೆ. ಮುಂಬೈಯ ಸಂಘಗಳಲ್ಲಿ ತಾಳಮದ್ದಳೆ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ, ಆದರೆ ಕರ್ಣನ ಕೊನೆ, ವಾಲಿಯ ಸಾವು, ಮತ್ತೆ ಮತ್ತೆ ಅದೇ. ನಮ್ಮ ಕುಮಾರವ್ಯಾಸ ಭಾರತವನ್ನೇ ವಾರಕ್ಕೊಂದು ಸಂಧಿಯಂತೆ, ಒಂದನ್ನೂ ಹಾರಿಸದೆ, ಯಾಕೆ ಓದಬಾರದು? ಜಾಸ್ತಿ ಜನ ಬೇಕಿಲ್ಲ, ನಾಲ್ಕು ಮಂದಿ ಸಾಕು. ಪತ್ರಿಕೆಯಿಂದ ಕೇಳುವುದು ಒಂದೇ. ಭಾನುವಾರದ ಪುಟದ ಮೂಲೆಯಲ್ಲಿ ಈ ವಾರ ಯಾವ ಸಂಧಿ ಅಂತ ಎರಡು ಸಾಲು ಹಾಕಿ, ಓದಿದವರು ತಮಗೆ ಏನು ತಟ್ಟಿತು ಅಂತ ಬರೆದರೆ ಅದಕ್ಕೂ ಸ್ವಲ್ಪ ಜಾಗ ಕೊಡಿ.

– ಓದುಗ, ಥಾಣೆ