ರ‍್ಯಾಕ್ ಮುಟ್ಟಿದರೆ ಜುಮ್ ಅನ್ನುತ್ತೆ ಅಂದೆಯಲ್ಲ

ಸಿಂಧನೂರು

ಅಳಿಯಾ, ನಿನ್ನ ಸೋದರಮಾವನ ಆಶೀರ್ವಾದ.

ಓಮನ್ ಕ್ಯಾಂಪಿನ ಡಿಶ್, ಟವರ್, ಊಟ, ಎಲ್ಲ ನಿನ್ನ ಪತ್ರದಲ್ಲಿ ಬರೆದೆ. ನಡುವೆ ಒಂದು ಸಾಲು: ಜನರೇಟರ್ ಓಡುವಾಗ ನೆಟ್‌ವರ್ಕ್ ಸಾಮಾನು ಕೂಡಿಸಿದ ಕಬ್ಬಿಣದ ರ‍್ಯಾಕ್ ಮುಟ್ಟಿದರೆ ಜುಮ್ ಅನ್ನುತ್ತೆ, ರೂಢಿಯಾಗಿದೆ. ಅದನ್ನೋದಿ ಎದೆ ಧಸಕ್ಕೆಂದಿತು. ಇದು ರೂಢಿ ಮಾಡಿಕೊಳ್ಳುವ ವಿಷಯವಲ್ಲಪ್ಪ.

ಅದರಲ್ಲಿರುವ ನೆಟ್‌ವರ್ಕ್ ಸ್ವಿಚ್, ಯುಪಿಎಸ್‌ಗಳ ಪವರ್ ಸಪ್ಲೈಯಲ್ಲಿ ಗದ್ದಲ ಸೋಸಲು ಇಟ್ಟ ಫಿಲ್ಟರ್ ಕೆಪಾಸಿಟರ್‌ಗಳು ಚೂರು ಕರೆಂಟನ್ನು ಅರ್ಥ್ ವೈರಿಗೆ ಬಿಡುತ್ತಲೇ ಇರುತ್ತವೆ. ಆ ವೈರ್ ಎಲ್ಲೋ ಕಡಿದಿದ್ದರೆ ರ‍್ಯಾಕಿನ ಮೈಮೇಲೆ ಸಪ್ಲೈಯ 240 ವೋಲ್ಟಿನ ಅರ್ಧ, ಸುಮಾರು 120 ವೋಲ್ಟ್ ನಿಲ್ಲುತ್ತದೆ. ಅಷ್ಟೇ ಆಗಿದ್ದರೆ ಜುಮ್ ಅಂದು ಬಿಡುತ್ತದೆ. ನಾಳೆ ಫೇಸ್ ವೈರ್ ಸವೆದು ಕಬ್ಬಿಣಕ್ಕೆ ತಾಗಿದರೆ? ಕೈಗೆ ಆ ವ್ಯತ್ಯಾಸ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ನೆಲಕ್ಕೆ ಅರ್ಥಿಂಗ್ ರಾಡ್ ಹೊಡೆದಿದ್ದೇವೆ ಎಂದು ಅಲ್ಲಿಯವರು ಹೇಳಬಹುದು. ಒಣ ಮರಳಿನಲ್ಲಿ ಒಂದು ರಾಡ್ ಇದ್ದೂ ಇಲ್ಲದ ಹಾಗೆ. ನಮ್ಮ ಎರೆನೆಲವೇ ಬೇಸಗೆಯಲ್ಲಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿಗೆ ನೀರು ಹೊಯ್ಯಬೇಕು. ಮೂರ್ನಾಲ್ಕು ರಾಡ್ ಬೇಕು, ನಡುವೆ ರಾಡಿನ ಉದ್ದದಷ್ಟಾದರೂ ಅಂತರ, ಎಲ್ಲವನ್ನೂ ಕೂಡಿಸುವ ಬರಿ ತಾಮ್ರದ ತಂತಿ, ಸುತ್ತ ನೀರು ಹಿಡಿದಿಡುವ ಬೆಂಟೊನೈಟ್ ಜೇಡಿ. ಅದೂ ಒಣಗಿದರೆ ಕುಗ್ಗಿ ರಾಡನ್ನು ಬಿಟ್ಟುಕೊಡುತ್ತದೆ. ಟ್ಯಾಂಕರ್ ನೀರು ಕೇಳಲು ಸಂಕೋಚವಾದೀತು, ಆದರೂ ಕೇಳು. ಉಪ್ಪು ಸುರಿಯಲು ಬಿಡಬೇಡ, ಲೋಹ ತಿನ್ನುತ್ತದೆ.

ಆದರೆ ಜೀವ ಉಳಿಸುವುದು ನೆಲಕ್ಕಿಂತ ಹೆಚ್ಚಾಗಿ ಹಸಿರು-ಹಳದಿ ಅರ್ಥ್ ವೈರ್. ಜನರೇಟರಿನ ನ್ಯೂಟ್ರಲ್ ಒಂದೇ ಕಡೆ ಅದರ ಬಾಡಿಗೆ ಕೂಡಿರಬೇಕು. ಅಲ್ಲಿಂದ ಆ ವೈರ್ ಪ್ರತಿ ಕ್ಯಾಬಿನ್ನಿನ ಚೌಕಟ್ಟು, ರ‍್ಯಾಕ್, ಡಿಶ್ ಕಂಬದವರೆಗೆ ಕಡಿಯದೆ ಬರಬೇಕು. ನ್ಯೂಟ್ರಲ್ ಹಾಗೆ ಕೂಡಿರದಿದ್ದರೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಟೆಸ್ಟ್ ಬಟನ್ ಒತ್ತಿದಾಗ ಟ್ರಿಪ್ ಆಗುತ್ತದೆ, ಆದರೆ ನೀನು ಮುಟ್ಟಿದಾಗ ಆಗದೇ ಹೋಗಬಹುದು. ಬಟನ್ ನಂಬಿ ಕೂರಬೇಡ. ಈ ಕೆಲಸ ಅಲ್ಲಿನ ಎಲೆಕ್ಟ್ರಿಷಿಯನ್ ಮಾಡಲಿ, ನೀನು ಪಕ್ಕದಲ್ಲಿ ನಿಂತು ನೋಡು. ರ‍್ಯಾಕಿನ ಅರ್ಥ್ ಬೋಲ್ಟ್ ಬಿಚ್ಚಿಸಿ ನೋಡು: ಬಹಳ ಸಲ ಬಣ್ಣದ ಮೇಲೆಯೇ ಬಿಗಿದಿರುತ್ತಾರೆ. ಬಣ್ಣ ಕೆರೆದು ಹಲ್ಲಿನ ವಾಷರ್ ಹಾಕಬೇಕು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದಷ್ಟು ವರ್ಷ ಹಬ್ಬಕ್ಕೂ ಮನೆ ಸೇರಿದ್ದು ಕಡಿಮೆ. ಚಿಕ್ಕವನಿದ್ದಾಗ ನಿನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಇದೆಲ್ಲ ತೋರಿಸುವ ಹೊತ್ತು ಸಿಗಲಿಲ್ಲ. ಆ ಕೊರಗು ಈ ಪತ್ರ ಬಂದಾಗಿನಿಂದ ಜಾಸ್ತಿಯಾಗಿದೆ.

ನಿನ್ನ ವಿದ್ಯೆಗೆ ನಾನು ಹೇಳುವುದು ಅಧಿಕಪ್ರಸಂಗವಾದೀತು, ಆದರೂ ಇದೊಂದು: ಕ್ಯಾಬಿನ್‌ಗಳ ನಡುವೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆಯಬೇಡ. ಅದರ 100 ಮೀಟರ್ ಉದ್ದದ ಮಿತಿ ನಿನಗೆ ಗೊತ್ತು. ನನ್ನ ಅಂಜಿಕೆ ಬೇರೆ. ಎರಡು ಕ್ಯಾಬಿನ್‌ಗಳ ಅರ್ಥ್ ಕೂಡಿರದಿದ್ದರೆ ಅವುಗಳ ವೋಲ್ಟೇಜ್ ವ್ಯತ್ಯಾಸವೆಲ್ಲ ಆ ಕೇಬಲ್ಲಿನ ಮೇಲೆ ಬರುತ್ತದೆ, ಪ್ಲಗ್ ಹಿಡಿದ ನಿನ್ನ ಬೆರಳಿಗೂ ಬರುತ್ತದೆ. ಲೋಹದ ಕವಚವಿಲ್ಲದ, ಬೆಳಕಿನಲ್ಲಿ ಸಂದೇಶ ಒಯ್ಯುವ ಫೈಬರ್ ಕೇಬಲ್ ಹಾಕಿಸು.

ಮುಟ್ಟುವ ಮುಂಚೆ ಪ್ರತಿ ಸಲ ಮಲ್ಟಿಮೀಟರ್ ಹಿಡಿ. ಮೊದಲು ಕರೆಂಟಿರುವ ಸಾಕೆಟ್ಟಿನಲ್ಲಿ ನೋಡು, ಆಮೇಲೆ ರ‍್ಯಾಕ್, ಮತ್ತೆ ಸಾಕೆಟ್. ಮೀಟರೇ ಕೆಟ್ಟಿದ್ದರೂ ಸೊನ್ನೆ ತೋರಿಸುತ್ತದೆ. ಒಬ್ಬನೇ ಇರಬೇಡ.

ಜನರೇಟರ್, ಯುಪಿಎಸ್ ಎರಡೂ ನಿಲ್ಲಿಸಿ ರ‍್ಯಾಕಿನಿಂದ ಜನರೇಟರ್ ಬಾಡಿವರೆಗೆ ಉದ್ದ ವೈರ್ ಎಳೆದು ಅರ್ಥ್ ವೈರಿನ ತಡೆ (ಓಮ್) ಅಳೆಸು. ಎಳೆದ ವೈರಿನದನ್ನು ಕಳೆದು 1 ಓಮ್‌ಗಿಂತ ಕಡಿಮೆ ಬರಬೇಕು. ಎಷ್ಟು ಬಂತೆಂದು ಕೂಡಲೇ ತಿಳಿಸು. ಅಲ್ಲಿಯತನಕ ಆ ರ‍್ಯಾಕಿಗೆ ಕೈ ಹಚ್ಚಬೇಡ, ನೆಟ್‌ವರ್ಕ್ ಲಿಂಕ್ ಬಿದ್ದರೆ ಬೀಳಲಿ.

ನಿನ್ನ ಮಾವ